ಮೀನಿನ ಕಡೆಯಿಂದ ನೋಡಿದರೆ

ಫ್ಲೈ ಫಿಶಿಂಗ್ ಕಲಿಯಲು ಹೊರಟವರಿಗೆ ಎಲ್ಲೆಡೆ ಸಿಗುವ ಮೊದಲ ಸಲಹೆ ಒಂದೇ: ಒಳ್ಳೆಯ ರಾಡ್ ಕೊಳ್ಳಿ, ಕೈಯಲ್ಲಿರುವ ದುಡ್ಡಿನ ಬಹುಪಾಲನ್ನು ಅದಕ್ಕೇ ಹಾಕಿ, ಉಳಿದದ್ದರಲ್ಲಿ ರೀಲು, ಲೈನು, ಮಿಕ್ಕ ಚಿಲ್ಲರೆ ಸಾಮಾನು ಹೊಂದಿಸಿಕೊಳ್ಳಿ. ಸ್ಕಾಟ್ಲೆಂಡಿನ ಸ್ಪೇ ನದಿಗೆ ಸಾಲ್ಮನ್ ಹಿಡಿಯಲು ಹೋಗುವವರಿಗೂ ಇದೇ ಮಾತು, ಹಿಮಾಚಲದ ತೀರ್ಥನ್ ಕಣಿವೆಗೆ ಟ್ರೌಟ್ ಹಿಡಿಯಲು ಬೆಂಗಳೂರಿನಿಂದ ಹೊರಡುವವರಿಗೂ ಇದೇ ಮಾತು. ಸಾವಿರ ಡಾಲರ್ ದಾಟಿದ ರಾಡ್‌ಗಳು ಈಗ ಅಪರೂಪವಲ್ಲ. ಅಂಥ ಒಂದೊಂದು ರಾಡ್ ಬಂದಾಗಲೂ ಪುಟಗಟ್ಟಲೆ ಚರ್ಚೆ ನಡೆಯುತ್ತದೆ. ಲೈನಿನ ಪಾಲಿಗೆ ಒಂದು ಪ್ಯಾರಾ, ಲೀಡರಿಗೆ ಒಂದು ಸಾಲು ಸಿಕ್ಕರೆ ಹೆಚ್ಚು. ಗಂಟಿನ ಮಾತು ಯಾರೂ ಎತ್ತುವುದಿಲ್ಲ.

ಈ ಕ್ರಮವೇ ತಲೆಕೆಳಗಾಗಿದೆ ಎಂಬುದು ನನ್ನ ವಾದ. ಸಲಕರಣೆಯನ್ನು ಮೀನಿನ ಬಾಯಿಯಿಂದ ಹಿಂದಕ್ಕೆ ಆರಿಸುತ್ತ ಬರಬೇಕು. ಫ್ಲೈ ನೀರಿನಲ್ಲಿ ಎಷ್ಟು ಆಳದಲ್ಲಿ, ಎಷ್ಟು ವೇಗದಲ್ಲಿ ಸಾಗಬೇಕು ಎಂಬುದು ಮೊದಲ ಪ್ರಶ್ನೆ. ಅದಕ್ಕೆ ತಕ್ಕ ಟಿಪೆಟ್, ಅಂದರೆ ಫ್ಲೈಗೆ ಕಟ್ಟುವ ಕೊನೆಯ ತೆಳು ದಾರ. ಟಿಪೆಟ್ಟನ್ನು ಹೊರುವ ಲೀಡರ್, ಲೀಡರನ್ನು ಒಯ್ಯುವ ಲೈನ್, ಆ ಲೈನನ್ನು ಬೀಸುವ ರಾಡ್, ಎಲ್ಲಕ್ಕೂ ಕಡೆಗೆ ರೀಲ್. ಮೀನಿಗೆ ಎದುರಾಗುವುದು ಈ ಸಾಲಿನ ಮೊದಲ ಮೂರು. ನಾವು ದುಡ್ಡು ಸುರಿಯುವುದು ಕಡೆಯ ಎರಡಕ್ಕೆ. ರಾಡ್ ಕೈಯಲ್ಲಿರುತ್ತದೆ, ಕಣ್ಣಿಗೆ ಕಾಣುತ್ತದೆ, ಗೋಡೆಗೆ ಒರಗಿಸಿಟ್ಟರೂ ಚಂದ. ಅದರ ಮೇಲೆ ಆಸೆ ಹುಟ್ಟುವುದು ಸಹಜ. ಆದರೆ ಆಸೆ ಹುಟ್ಟಿದ ಜಾಗದಿಂದ ಲೆಕ್ಕ ಶುರುಮಾಡಿದರೆ ನದಿಯಲ್ಲಿ ಲೆಕ್ಕ ಕೂಡುವುದಿಲ್ಲ.

ಸಾಮಾನ್ಯ ಗಾಳದಲ್ಲಿ ತೂಕ ಇರುವುದು ದಾರದ ತುದಿಯಲ್ಲಿ. ಸೀಸದ ಗುಂಡೋ ಲೋಹದ ಹುಸಿಮೀನೋ ಮುಂದೆ ಹಾರುತ್ತದೆ, ದಾರ ಅದರ ಹಿಂದೆ ಹೋಗುತ್ತದೆ. ಫ್ಲೈ ಎಂದರೆ ಸಣ್ಣ ಕೊಕ್ಕೆಗೆ ಗರಿ, ಕೂದಲು, ನೂಲು ಸುತ್ತಿ ಮಾಡಿದ ಹುಸಿಹುಳು. ಅದಕ್ಕೆ ತೂಕವೆಂಬುದೇ ಇಲ್ಲ, ಕೈಯಿಂದ ಎಸೆದರೆ ಕಾಲಬುಡದಲ್ಲೇ ಬೀಳುತ್ತದೆ. ಆದ್ದರಿಂದ ಇಲ್ಲಿ ತೂಕವನ್ನು ಲೈನಿನ ಮೈಯಲ್ಲೇ ಇಟ್ಟಿದ್ದಾರೆ. ಗಾಳಿಯಲ್ಲಿ ಮಡಿಕೆ ಬಿಚ್ಚುತ್ತ ಹಾರುವುದು ಲೈನ್, ಅದರ ಜೊತೆಗೆ ಫ್ಲೈ ಹೋಗುತ್ತದೆ. ಬಾರುಕೋಲಿನಲ್ಲಿ ಹಿಡಿಗೆ ಏನು ಕೆಲಸವೋ ಇಲ್ಲಿ ರಾಡ್‌ಗೆ ಅದೇ ಕೆಲಸ.

ರಾಡಿನ ಮೇಲೆ ಬರೆದಿರುವ ನಂಬರ್ ಕೂಡ ರಾಡಿನದಲ್ಲ. ಒಂದು ಕಾಲದಲ್ಲಿ ಲೈನುಗಳನ್ನು ರೇಷ್ಮೆಯಿಂದ ಹೆಣೆಯುತ್ತಿದ್ದರು. ದಪ್ಪಕ್ಕೆ ಒಂದೊಂದು ಅಕ್ಷರ ಕೊಟ್ಟು ‘ಎಚ್‌ಡಿಎಚ್’ ಎಂಬಂತೆ ಗುರುತಿಸುತ್ತಿದ್ದರು. ಎಲ್ಲವೂ ರೇಷ್ಮೆಯೇ ಆದ್ದರಿಂದ ದಪ್ಪ ಗೊತ್ತಾದರೆ ತೂಕವೂ ಗೊತ್ತಾದಂತೆ. ನೈಲಾನ್, ಡೇಕ್ರಾನ್, ಪಿವಿಸಿ ಲೇಪನ ಬಂದ ಮೇಲೆ ಈ ಲೆಕ್ಕ ಕೆಟ್ಟಿತು. ಒಂದೇ ದಪ್ಪದ ಎರಡು ಲೈನುಗಳಲ್ಲಿ ಒಂದು ತೇಲಿತು, ಇನ್ನೊಂದು ಮುಳುಗಿತು. 1961ರಲ್ಲಿ ಅಮೆರಿಕದ ಗಾಳದ ಸಾಮಾನು ತಯಾರಕರ ಸಂಘ ಹೊಸ ಅಳತೆ ಜಾರಿಗೆ ತಂದಿತು: ಲೈನಿನ ಮೊದಲ 30 ಅಡಿಯನ್ನು ತೂಗಿ ಅದಕ್ಕೊಂದು ನಂಬರ್. 5ನೇ ನಂಬರಿಗೆ 140 ಗ್ರೇನ್, ಅಂದರೆ ಸುಮಾರು 9 ಗ್ರಾಂ. 8ನೇ ನಂಬರಿಗೆ 210 ಗ್ರೇನ್, ಸುಮಾರು ಹದಿಮೂರೂವರೆ ಗ್ರಾಂ. ‘5ನೇ ನಂಬರ್ ರಾಡ್’ ಎಂದರೆ 5ನೇ ನಂಬರ್ ಲೈನನ್ನು ಬೀಸಬಲ್ಲದು ಎಂದು ತಯಾರಕರು ಅಂದುಕೊಂಡಿರುವ ರಾಡ್ ಎಂದಷ್ಟೇ ಅರ್ಥ. ಅಳತೆ ಲೈನಿನದು, ರಾಡ್ ಅದನ್ನು ಎರವಲು ಪಡೆದಿದೆ.

ಈ ಮೂಲ ಮರೆತದ್ದರಿಂದ ಆಗಿರುವ ಹಾನಿ ಸಣ್ಣದಲ್ಲ. ಕಾರ್ಬನ್ ಫೈಬರ್ ರಾಡ್‌ಗಳು 1970ರ ದಶಕದಲ್ಲಿ ಬಂದವು. ಹಗುರ, ಗಟ್ಟಿ, ಒಳ್ಳೆಯ ವಸ್ತು. ಅಲ್ಲಿಂದ ಮುಂದೆ ರಾಡ್‌ಗಳು ವರ್ಷವರ್ಷಕ್ಕೂ ಬಿರುಸಾಗುತ್ತ ಹೋದವು. ‘ಫಾಸ್ಟ್ ಆಕ್ಷನ್’ ಎಂಬುದು ಉತ್ತಮಕ್ಕೆ ಪರ್ಯಾಯ ಪದವಾಯಿತು. ಅಂಗಡಿಯ ಹಿಂದಿನ ಹುಲ್ಲುಹಾಸಿನಲ್ಲಿ ಎಂಬತ್ತು ಅಡಿ ದೂರಕ್ಕೆ ಬೀಸಿ ನೋಡುವವರಿಗೆ ಅಂಥ ರಾಡ್ ಹಿತವಾಗಿರುತ್ತದೆ. ಆದರೆ ಹೊಳೆಯಲ್ಲಿ ಟ್ರೌಟ್ ಸಿಗುವುದು ಬಹುಮಟ್ಟಿಗೆ ಮೂವತ್ತು, ನಲವತ್ತು ಅಡಿಯೊಳಗೆ. ಅದರಲ್ಲಿ ಒಂಬತ್ತು ಅಡಿ ಲೀಡರ್. ತುದಿಯ ಉಂಗುರದಿಂದ ಹೊರಗಿರುವ ಲೈನ್ ಇಪ್ಪತ್ತು ಅಡಿ ಎಂದಿಟ್ಟುಕೊಳ್ಳಿ. ಲೈನಿನ ಮುಂಭಾಗ ತೆಳ್ಳಗಾಗುತ್ತ ಹೋಗುವುದರಿಂದ, ಆ ಇಪ್ಪತ್ತು ಅಡಿಯ ತೂಕ 9 ಗ್ರಾಂನಲ್ಲಿ ಮೂರನೇ ಎರಡು ಪಾಲೂ ಆಗುವುದಿಲ್ಲ. ಬಿರುಸು ರಾಡ್ ಆ ತೂಕಕ್ಕೆ ಬಾಗುವುದೇ ಇಲ್ಲ. ಬಾಗದ ರಾಡ್ ಎಸೆಯುವುದಿಲ್ಲ, ಕೈ ಎಸೆಯಬೇಕಾಗುತ್ತದೆ. ಕಲಿಯುವವರ ತೋಳು ನೋಯುವುದು, ಲೈನ್ ಗುಪ್ಪೆಯಾಗಿ ಬೀಳುವುದು ಇದರಿಂದಲೇ. ತಮಗೆ ಕೈ ಕುದುರಲಿಲ್ಲ ಎಂದು ಅವರು ಬೇಸರಪಟ್ಟುಕೊಳ್ಳುತ್ತಾರೆ.

ಲೈನ್ ತಯಾರಕರಿಗೆ ಇದು ಗೊತ್ತಿದೆ. ಅದಕ್ಕೇ ಇಂದು ಮಾರಾಟವಾಗುವ ಹಲವು ಲೈನುಗಳು ಡಬ್ಬಿಯ ಮೇಲಿನ ನಂಬರಿಗಿಂತ ಅರ್ಧದಿಂದ ಒಂದು ನಂಬರ್ ಭಾರ ಇರುತ್ತವೆ. ಬಿರುಸು ರಾಡ್ ಕೊಂಡು, ಅದನ್ನು ಬಾಗಿಸಲು ಭಾರದ ಲೈನ್ ಕೊಂಡು, ಕಡೆಗೆ ನಾವು ತಲುಪುವುದು ಮೆತ್ತನೆಯ ಸಾಧಾರಣ ರಾಡ್ ಮೊದಲೇ ಕೊಡುತ್ತಿದ್ದ ಜಾಗಕ್ಕೆ. ಅದೂ ಪೂರ್ತಿ ಅಲ್ಲ, ಭಾರದ ಲೈನ್ ತಿಳಿನೀರಿನ ಮೇಲೆ ಸದ್ದುಮಾಡಿ ಬೀಳುತ್ತದೆ.

ಹಾಗಾಗಿ ಟ್ರೌಟ್‌ಗೆ ಹೊರಡುವವರಿಗೆ ನಾನು ಹೇಳುವುದು: ಸಾಧಾರಣ ಬೆಲೆಯ, ನಡುಮೈ ಬಾಗುವ, ಎಂಟೂವರೆ ಒಂಬತ್ತು ಅಡಿಯ 4 ಅಥವಾ 5ನೇ ನಂಬರ್ ರಾಡ್ ಸಾಕು. ಉಳಿಸಿದ ದುಡ್ಡಿನಲ್ಲಿ ಸಿಗುವುದರಲ್ಲೇ ಒಳ್ಳೆಯ ಲೈನ್ ಕೊಳ್ಳಿ. ಕೊಳ್ಳುವಾಗ ಯಾವ ನೀರಿಗೆ ಮಾಡಿದ್ದು ಎಂದು ಓದಿ. ಸೆಕೆ ನಾಡಿಗೆಂದು ಮಾಡಿದ ಲೈನುಗಳ ತಿರುಳು, ಲೇಪನ ಎರಡೂ ಗಡುಸು. ಹಿಮ ಕರಗಿ ಬರುವ ತೀರ್ಥನ್ ಅಥವಾ ಕಾಶ್ಮೀರದ ಲಿದ್ದರ್ ನೀರಿನಲ್ಲಿ ಅವು ತಂತಿಯಂತೆ ಸುರುಳಿಗಟ್ಟಿ ನೀರಿನ ಮೇಲೆ ಹೊರಳುತ್ತವೆ. ತಣ್ಣೀರಿನ ಲೈನನ್ನು ನಮ್ಮ ಬಯಲುಸೀಮೆಯ ಬಿಸಿಲಿಗೆ ತಂದರೆ ಮೆತ್ತಗಾಗಿ ಉಂಗುರಗಳಿಗೆ ಅಂಟುತ್ತದೆ. ದುಬಾರಿ ರಾಡ್ ಈ ಎರಡರಲ್ಲಿ ಒಂದನ್ನೂ ಸರಿಪಡಿಸಲಾರದು.

ಜೋಡಿಸುವಾಗಿನ ಒಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಲೀಡರಿನ ತುದಿಯನ್ನು ಹಿಡಿದು ಒಂದೊಂದೇ ಉಂಗುರದಲ್ಲಿ ತೂರಿಸುವುದು ವಾಡಿಕೆ. ಕೈ ಜಾರಿತೆಂದರೆ ಅಷ್ಟೂ ಲೈನ್ ಸರ್ರನೆ ಬುಡಕ್ಕೆ ಬಂದು ಬೀಳುತ್ತದೆ. ಲೈನನ್ನೇ ಮಡಚಿ ಆ ಮಡಿಕೆಯನ್ನು ತೂರಿಸಿ. ಕೈ ಬಿಟ್ಟರೂ ಮಡಿಕೆ ಬಿಚ್ಚಿಕೊಂಡು ಉಂಗುರದಲ್ಲೇ ತಡೆದು ನಿಲ್ಲುತ್ತದೆ. ಲೈನಿನ ಕುಣಿಕೆಗೂ ಲೀಡರಿನ ಕುಣಿಕೆಗೂ ಗಂಟು ಹಾಕುವಾಗ ಎರಡೂ ಒಂದನ್ನೊಂದು ಸಮನಾಗಿ ಹಿಡಿದು ಚೌಕಾಕಾರವಾಗಿ ಕೂರಬೇಕು. ಒಂದರ ಕುತ್ತಿಗೆಗೆ ಇನ್ನೊಂದು ಉರುಳಿನಂತೆ ಬಿಗಿದರೆ ಲೇಪನ ಕೊಯ್ದುಹೋಗುತ್ತದೆ.

ಇನ್ನು ಟಿಪೆಟ್. ಈ ಕಲೆಯ ನಿಜವಾದ ತಿರುವು ಇಲ್ಲಿದೆ ಎಂದು ನಾನು ನಂಬಿದ್ದೇನೆ. ನೈಲಾನ್ ಬರುವ ಮುಂಚೆ ಟಿಪೆಟ್ ತಯಾರಾಗುತ್ತಿದ್ದದ್ದು ರೇಷ್ಮೆಹುಳುವಿನಿಂದ, ಅದರಲ್ಲೂ ಸ್ಪೇನಿನ ಮುರ್ಸಿಯಾ ಪ್ರದೇಶದಲ್ಲಿ. ರಾಮನಗರ, ಶಿಡ್ಲಘಟ್ಟದ ಕಡೆಯವರಿಗೆ ಹಣ್ಣಾದ ಹುಳು ಎಂದರೆ ಏನೆಂದು ಗೊತ್ತು: ಗೂಡು ಕಟ್ಟಲು ಸಿದ್ಧವಾಗಿ ಮೈಯೆಲ್ಲ ರೇಷ್ಮೆರಸ ತುಂಬಿಕೊಂಡದ್ದು. ಚಂದ್ರಿಕೆಗೆ ಬಿಡುವ ಆ ಹಂತದ ಹುಳುವನ್ನು ಅಲ್ಲಿ ವಿನೆಗರ್‌ನಲ್ಲಿ ನೆನೆಹಾಕಿ, ಒಳಗಿನ ರೇಷ್ಮೆಗ್ರಂಥಿಯನ್ನು ತೆಗೆದು ಉದ್ದಕ್ಕೆ ಎಳೆಯುತ್ತಿದ್ದರು. ಹಾಗೆ ಬಂದ ಎಳೆಯನ್ನು ಇನ್ನೂ ತೆಳ್ಳಗಾಗಿಸಲು ಲೋಹದ ಹಲಗೆಯ ರಂಧ್ರಗಳಲ್ಲಿ ಹಾಯಿಸುತ್ತಿದ್ದರು. ಇಂದಿಗೂ ಟಿಪೆಟ್ ಉರುಳೆಗಳ ಮೇಲೆ ಕಾಣುವ 3ಎಕ್ಸ್, 5ಎಕ್ಸ್ ಎಂಬ ಗುರುತುಗಳ ಹುಟ್ಟು ಅಲ್ಲಿ. ಈಗಿನ ಲೆಕ್ಕ ಸುಲಭ: 11ರಿಂದ ಎಕ್ಸ್ ಸಂಖ್ಯೆ ಕಳೆದರೆ ಉಳಿಯುವುದು ಇಂಚಿನ ಸಾವಿರದ ಭಾಗಗಳಲ್ಲಿ ದಪ್ಪ. 5ಎಕ್ಸ್ ಎಂದರೆ ಸಾವಿರದ ಆರು ಭಾಗ, ಸುಮಾರು 0.15 ಮಿಲಿಮೀಟರ್. 3ಎಕ್ಸ್ ಎಂದರೆ ಸಾವಿರದ ಎಂಟು, 0.20 ಮಿಲಿಮೀಟರ್.

ತೆಳು ಟಿಪೆಟ್ ಹಾಕುವುದು ಮೀನಿಗೆ ದಾರ ಕಾಣದಿರಲಿ ಎಂದು. ಇದು ಎಲ್ಲರೂ ಹೇಳುವ ಕಾರಣ, ಮತ್ತು ಬಹುತೇಕ ತಪ್ಪು ಕಾರಣ. ಅಷ್ಟು ದೊಡ್ಡ ಕೊಕ್ಕೆ ನೇತಾಡುತ್ತಿರುವುದನ್ನು ಲೆಕ್ಕಿಸದೆ ಬಾಯಿ ಹಾಕುವ ಮೀನು 0.05 ಮಿಲಿಮೀಟರ್ ವ್ಯತ್ಯಾಸಕ್ಕೆ ಹೆದರುತ್ತದೆ ಎಂದರೆ ನಂಬುವುದು ಕಷ್ಟ. ನಿಜವಾದ ಕಾರಣ ದಾರದ ಬಿಗುಪಿನಲ್ಲಿದೆ. ದಾರದ ಬಲ ದಪ್ಪದ ವರ್ಗದಂತೆ ಏರುತ್ತದೆ, ಬಿಗುಪು ದಪ್ಪದ ನಾಲ್ಕನೇ ಘಾತದಂತೆ ಏರುತ್ತದೆ. ಒಂದೇ ವಸ್ತುವಿನ 5ಎಕ್ಸ್ ಬಿಟ್ಟು 3ಎಕ್ಸ್ ಹಾಕಿದರೆ ಸಿಗುವ ಹೆಚ್ಚುವರಿ ಬಲ ಎರಡು ಪಟ್ಟಿಗಿಂತ ಕಡಿಮೆ, ತೆರುವ ಬಿಗುಪು ಮೂರು ಪಟ್ಟಿಗಿಂತ ಹೆಚ್ಚು. ಹೊಳೆಯ ನೀರು ಎಲ್ಲೂ ಒಂದೇ ವೇಗದಲ್ಲಿ ಹರಿಯುವುದಿಲ್ಲ. ಕಲ್ಲಿನ ಹಿಂದೆ ನಿಂತ ನೀರು, ಗೇಣು ಆಚೆಗೆ ಓಡುವ ನೀರು. ಬಿಗುಪಿನ ದಾರ ಆ ಓಡುವ ನೀರಿಗೆ ಸಿಕ್ಕಿ ನಿಂತ ನೀರಿನಲ್ಲಿರುವ ಫ್ಲೈಯನ್ನು ಕೂದಲೆಳೆಯಷ್ಟು ಎಳೆಯುತ್ತದೆ. ನಿಜವಾದ ಹುಳು ಹಾಗೆ ಚಲಿಸುವುದಿಲ್ಲ. ಟ್ರೌಟ್ ಮೇಲೆದ್ದು ಬಂದು ಮೂಗು ತಾಗಿಸಿ ತಿರುಗಿ ಹೋಗುವುದು ಹೆಚ್ಚಾಗಿ ಇದಕ್ಕೇ. ನಾವು ಫ್ಲೈಯ ಬಣ್ಣ ಸರಿಯಿಲ್ಲ ಎಂದುಕೊಂಡು ಡಬ್ಬಿ ತೆರೆಯುತ್ತೇವೆ. ಅದೇ ಫ್ಲೈಗೆ ಇನ್ನೆರಡು ಅಡಿ ಮೆತ್ತನೆಯ ಟಿಪೆಟ್ ಸೇರಿಸಿ, ಸ್ವಲ್ಪ ಸಡಿಲ ಬಿಟ್ಟು ಬೀಳಿಸಿದರೆ ಅದೇ ಮೀನು ತೆಗೆದುಕೊಳ್ಳುವುದನ್ನು ಕಾಣಬಹುದು.

ಗಂಟಿನ ವಿಷಯ ಕೈಯಲ್ಲೇ ತೋರಿಸಬೇಕಾದದ್ದು. ಟಿಪೆಟ್ಟಿನ ತುದಿಯನ್ನು ಕೊಕ್ಕೆಯ ಕಣ್ಣಿನಲ್ಲಿ ಹಾಯಿಸಿ, ದಾರದ ಮೈಗೆ ಐದು ಸುತ್ತು ಸುತ್ತಿ, ಕಣ್ಣಿನ ಪಕ್ಕದ ಸಣ್ಣ ಕುಣಿಕೆಯಲ್ಲಿ ಮರಳಿ ತೂರಿಸಿ, ಆಗ ಉಂಟಾಗುವ ದೊಡ್ಡ ಕುಣಿಕೆಯಲ್ಲೂ ಒಮ್ಮೆ ತೂರಿಸಿ ಎಳೆಯುವುದು ಸಾಮಾನ್ಯ ಕ್ಲಿಂಚ್ ಗಂಟಿನ ಸುಧಾರಿತ ರೂಪ. ಬಿಗಿಯುವ ಮುಂಚೆ ಗಂಟನ್ನು ತುಟಿಗೆ ಹಿಡಿದು ಒದ್ದೆ ಮಾಡಬೇಕು. ಒಣಗಂಟನ್ನು ಜಗ್ಗಿದರೆ ಉಜ್ಜಿದ ಕಾವಿಗೆ ನೈಲಾನ್ ಅಲ್ಲೇ ಸೊರಗುತ್ತದೆ. ನಿಧಾನವಾಗಿ ಎಳೆಯುತ್ತ ಬೆಳಕಿಗೆ ಹಿಡಿದು ನೋಡಿ: ಸುತ್ತುಗಳು ಪಕ್ಕಪಕ್ಕ ಒತ್ತಾಗಿ ಕೂತಿರಬೇಕು. ಒಂದು ಸುತ್ತು ಇನ್ನೊಂದರ ಮೇಲೆ ಹತ್ತಿದ್ದರೆ ಕತ್ತರಿಸಿ ಹೊಸದಾಗಿ ಕಟ್ಟಿ. ಮೀನು ತಪ್ಪಿಸಿಕೊಂಡಾಗ ದಾರದ ತುದಿಯನ್ನು ನೋಡದೆ ಬಿಡಬೇಡಿ. ತುದಿ ಗುಂಗುರು ಗುಂಗುರಾಗಿ ಸುರುಳಿ ಸುತ್ತಿದ್ದರೆ ಗಂಟು ಜಾರಿದೆ, ತಪ್ಪು ಕಟ್ಟಿದವರದು. ತುದಿ ಕತ್ತರಿಸಿದಂತೆ ನೇರವಾಗಿದ್ದರೆ ದಾರ ತುಂಡಾಗಿದೆ. ಬೀಸುವಾಗ ಗಾಳಿಗೆ ತಾನಾಗಿ ಬೀಳುವ ಸಣ್ಣ ಗಂಟೊಂದು ಟಿಪೆಟ್ಟಿನ ಬಲವನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಆಗಾಗ ಬೆರಳುಗಳ ನಡುವೆ ದಾರ ಎಳೆದು ನೋಡುವುದು ಯಾವ ದುಬಾರಿ ಸಲಕರಣೆಗಿಂತಲೂ ಹೆಚ್ಚು ಮೀನು ಉಳಿಸಿಕೊಡುತ್ತದೆ. ಇಷ್ಟು ದೊಡ್ಡ ವಿಷಯಕ್ಕೆ ಅಂಗಡಿಯಲ್ಲಿ ಬೆಲೆಚೀಟಿ ಇಲ್ಲ. ಅದಕ್ಕೇ ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ ಎಂಬ ಅನುಮಾನ ನನಗಿದೆ.

ಸಾಲ್ಮನ್ ವಿಷಯಕ್ಕೆ ಬಂದರೆ ತಪ್ಪುಕಲ್ಪನೆಯ ಬೇರು ಇನ್ನೂ ಆಳ. ಟ್ರೌಟ್ ನದಿಯಲ್ಲೇ ಉಂಡು ಬದುಕುವ ಮೀನು. ಅಟ್ಲಾಂಟಿಕ್ ಸಾಲ್ಮನ್ ಹಾಗಲ್ಲ. ಸಮುದ್ರದಲ್ಲಿ ಮೇದು ಬೆಳೆದು, ಮೊಟ್ಟೆಯಿಡಲು ಹುಟ್ಟಿದ ನದಿಗೆ ಮರಳುವ ಹೊತ್ತಿಗೆ ಅದು ಉಣ್ಣುವುದನ್ನು ನಿಲ್ಲಿಸಿರುತ್ತದೆ. ನದಿಯಲ್ಲಿ ಹಿಡಿದ ಸಾಲ್ಮನ್ನಿನ ಹೊಟ್ಟೆ ಖಾಲಿ. ಅಂಥ ಮೀನು ಫ್ಲೈಗೆ ಯಾಕೆ ಬಾಯಿ ಹಾಕುತ್ತದೆ ಎಂಬುದಕ್ಕೆ ಸಿಟ್ಟು, ಕುತೂಹಲ, ಹಳೆಯ ಅಭ್ಯಾಸ ಎಂದು ಬಗೆಬಗೆಯ ಉತ್ತರಗಳಿವೆ, ಒಪ್ಪಿತವಾದ ಒಂದು ಉತ್ತರವಿಲ್ಲ. ಇಷ್ಟಂತೂ ಖಚಿತ: ಹಸಿವಿಲ್ಲದ ಮೀನಿಗೆ ಯಾವುದೋ ಒಂದು ಹುಳುವಿನ ತದ್ರೂಪು ಬೇಕಿಲ್ಲ. ಆದರೂ ಸಾಲ್ಮನ್ ಫ್ಲೈಗಳ ಸುತ್ತ ಹುಟ್ಟಿಕೊಂಡ ಶಾಸ್ತ್ರದಷ್ಟು ಕಟ್ಟುನಿಟ್ಟಿನ ಶಾಸ್ತ್ರ ಗಾಳದ ಲೋಕದಲ್ಲಿ ಇನ್ನೊಂದಿಲ್ಲ.

ವಿಕ್ಟೋರಿಯಾ ಕಾಲದ ಬ್ರಿಟನ್ನಿನಲ್ಲಿ ಸಾಮ್ರಾಜ್ಯದ ಮೂಲೆಮೂಲೆಯಿಂದ ಬಂದ ಗರಿಗಳನ್ನು ಸೇರಿಸಿ ಫ್ಲೈ ಕಟ್ಟುತ್ತಿದ್ದರು. ಜಾರ್ಜ್ ಕೆಲ್ಸನ್ 1895ರಲ್ಲಿ ‘ದಿ ಸಾಲ್ಮನ್ ಫ್ಲೈ’ ಎಂಬ ಗ್ರಂಥದಲ್ಲಿ ಇದನ್ನೆಲ್ಲ ವಿಧಿವಿಧಾನದಂತೆ ನಿಗದಿಪಡಿಸಿದ. ಸಾಲ್ಮನ್ ಚಿಟ್ಟೆ ತಿನ್ನುತ್ತದೆ ಎಂಬ ನಂಬಿಕೆಯೂ ಆ ಕಾಲದಲ್ಲಿ ಚಾಲ್ತಿಯಲ್ಲಿತ್ತು. ಜಾಕ್ ಸ್ಕಾಟ್ ಎಂಬ ಹೆಸರಾಂತ ಫ್ಲೈ ಒಂದಕ್ಕೇ ಟೂಕನ್, ಗೋಲ್ಡನ್ ಫೆಸೆಂಟ್, ಟರ್ಕಿ ಇನ್ನೂ ಏನೇನೋ ಗರಿ ಬೇಕು. ಅದರ ಪಕ್ಕಕ್ಕೆ ಬೇಕಾದ ಗರಿ ನಮ್ಮ ಕಾಡಿನದು. ಬಂಡೀಪುರ, ನಾಗರಹೊಳೆಯ ರಸ್ತೆ ಬದಿಯಲ್ಲಿ ಬೆಳಗಿನ ಹೊತ್ತು ಕೆದಕುತ್ತ ಕಾಣಿಸುವ ಬೂದುಬಣ್ಣದ ಕಾಡುಕೋಳಿ ಹುಂಜದ ಕುತ್ತಿಗೆ ಗರಿ. ಕಪ್ಪು ಗರಿಯ ಮೇಲೆ ಅರಗು ತೊಟ್ಟಿಕ್ಕಿದಂತೆ ಮಿರುಗುವ ಹಳದಿ, ಬಿಳಿ ಚುಕ್ಕೆ ಅದಕ್ಕಿದೆ. ಫ್ಲೈಯ ಪಕ್ಕಕ್ಕೆ ಕಟ್ಟಿದರೆ ಕಣ್ಣಿನಂತೆ ಕಾಣುತ್ತದೆ. ಅದಕ್ಕಾಗಿ ಪಶ್ಚಿಮ ಘಟ್ಟದ ಅದೆಷ್ಟು ಹುಂಜಗಳು ಸತ್ತವೋ. ಭಾರತ ಆ ಗರಿಗಳ ರಫ್ತನ್ನು ನಿಲ್ಲಿಸಿ ದಶಕಗಳೇ ಕಳೆದಿವೆ. ಈಗ ಇಂಗ್ಲೆಂಡಿನಲ್ಲಿ ಗರಿಗೆಂದೇ ಈ ಹಕ್ಕಿಯನ್ನು ಸಾಕುತ್ತಾರೆ. ಆದರೆ ಮೋಹ ಹೋಗಿಲ್ಲ. 2009ರಲ್ಲಿ ಲಂಡನ್ ಹತ್ತಿರದ ಟ್ರಿಂಗ್ ಊರಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂಗೆ ಕನ್ನ ಹಾಕಿದ ಯುವಕನೊಬ್ಬ 299 ಹಕ್ಕಿಗಳ ಚರ್ಮವನ್ನು ಕದ್ದೊಯ್ದ. ಅವುಗಳಲ್ಲಿ ಆಲ್‌ಫ್ರೆಡ್ ರಸೆಲ್ ವಾಲೇಸ್ ಸಂಗ್ರಹಿಸಿ ತಂದವೂ ಇದ್ದವು. ಆ ಮಾದರಿಗಳಲ್ಲಿ ಹಲವನ್ನು ಕಿತ್ತು ಬಿಡಿಬಿಡಿಯಾಗಿ ಮಾರಿದ್ದು ಹಳೆಯ ಸಾಲ್ಮನ್ ಫ್ಲೈಗಳನ್ನು ಶಾಸ್ತ್ರೋಕ್ತವಾಗಿ ಕಟ್ಟುವ ಹವ್ಯಾಸಿಗಳಿಗೆ.

ಈ ಶಾಸ್ತ್ರಕ್ಕೆ ನದಿಯಲ್ಲೇ ಉತ್ತರ ಕೊಟ್ಟವರು ಆರ್ಥರ್ ವುಡ್. ಸ್ಕಾಟ್ಲೆಂಡಿನ ಡೀ ನದಿಯ ಕೇರ್ನ್‌ಟನ್ ಎಂಬಲ್ಲಿ 1913ರಿಂದ ಎರಡು ದಶಕ ಮೀನು ಹಿಡಿದ ಅವರು ರೇಷ್ಮೆ ಲೈನಿಗೆ ಗ್ರೀಸ್ ಹಚ್ಚಿ ತೇಲಿಸಿದರು. ಸಣ್ಣ ಕೊಕ್ಕೆಗೆ ಎರಡೇ ಎಳೆ ಗರಿ ಕಟ್ಟಿ, ಫ್ಲೈಯನ್ನು ನೀರಿನ ಮೇಲ್ಪದರದ ಕೆಳಗೆ ಸಾಗಿಸಿದರು. ಸೆಳವು ಲೈನನ್ನು ಎಳೆದಾಗಲೆಲ್ಲ ಲೈನನ್ನು ಎತ್ತಿ ಮೇಲ್ಸೆಳವಿನ ಕಡೆ ತಿರುವಿ ಹಾಕುತ್ತಿದ್ದರು, ಫ್ಲೈ ಎಳೆತಕ್ಕೆ ಸಿಗದೆ ತನ್ನ ಪಾಡಿಗೆ ಸಾಗಲೆಂದು. ಅವರು ಬಳಸಿದ ಮಾದರಿಗಳು ಬೆರಳೆಣಿಕೆಯಷ್ಟು. ಕೊನೆಗೆ ಗರಿಯೇ ಇಲ್ಲದ ಬರಿ ಕೊಕ್ಕೆಯ ದಂಡಕ್ಕೆ ಕೆಂಪೋ ನೀಲಿಯೋ ಬಣ್ಣ ಬಳಿದು ಅದರಲ್ಲೂ ಸಾಲ್ಮನ್ ಹಿಡಿದು ತೋರಿಸಿದರು. 1935ರಲ್ಲಿ ಅವರ ವಿಧಾನ ಪುಸ್ತಕವಾಗಿ ಬಂತು. ಬಣ್ಣ ಬಳಿದ ಆ ಕೊಕ್ಕೆಗಿಂತ ದೊಡ್ಡ ಸಾಕ್ಷ್ಯ ಬೇಕೇ? ಮೀನನ್ನು ಒಲಿಸಿಕೊಂಡದ್ದು ಆಳ, ವೇಗ ಮತ್ತು ಗಾತ್ರ.

ಸುಂದರವಾದ ಫ್ಲೈಗಳ ಬಗ್ಗೆ ನನಗೆ ದ್ವೇಷವಿಲ್ಲ. ಸ್ಕಾಟ್ಲೆಂಡಿನ ಈಶಾನ್ಯ ತೀರದ ಬ್ರೋರಾ ಸಮೀಪ ಪುಟ್ಟ ಮನೆಯಲ್ಲಿ ಕೂತು ಬದುಕಿಡೀ ಫ್ಲೈ ಕಟ್ಟಿದ ಮೇಗನ್ ಬಾಯ್ಡ್ ಅವರ ಕೆಲಸ ಕಂಡವರಿಗೆ ಅದು ಕಲೆ ಎಂಬುದರಲ್ಲಿ ಸಂಶಯ ಉಳಿಯುವುದಿಲ್ಲ. 1971ರಲ್ಲಿ ಅವರಿಗೆ ಬ್ರಿಟಿಷ್ ಎಂಪೈರ್ ಮೆಡಲ್ ಬಂತು. ಅವರು ಸ್ವತಃ ಸಾಲ್ಮನ್ ಹಿಡಿಯುತ್ತಿರಲಿಲ್ಲ. ಆ ಚೆಲುವು ನೋಡುವ ಮನುಷ್ಯರಿಗಾಗಿ ಇತ್ತು, ಹಾಗೆಂದು ಒಪ್ಪಿಕೊಂಡರೆ ಜಗಳವೇ ಇಲ್ಲ.

ಟ್ರೌಟ್ ವಿಷಯದಲ್ಲೂ ಇದೇ ತಕರಾರು ಬೇರೆ ರೂಪದಲ್ಲಿ ನಡೆದಿದೆ. ಹ್ಯಾಂಪ್‌ಶೈರಿನ ಸುಣ್ಣಕಲ್ಲಿನ ಹೊಳೆಗಳಲ್ಲಿ ಫ್ರೆಡರಿಕ್ ಹಾಲ್‌ಫರ್ಡ್ 1886ರಿಂದ ತೇಲುವ ಫ್ಲೈಯ ಪಂಥ ಕಟ್ಟಿದ: ನೀರ ಮೇಲೆ ಯಾವ ಹುಳು ಇದೆಯೋ ಅದರ ಕರಾರುವಾಕ್ಕಾದ ಪ್ರತಿರೂಪ ಬೇಕು. ಸ್ಕ್ಯೂಸ್ ಎಂಬ ವಕೀಲ 1910ರಲ್ಲಿ ಪುಸ್ತಕ ಬರೆದು, ಟ್ರೌಟ್ ಉಣ್ಣುವುದು ಬಹುಪಾಲು ನೀರಿನ ಒಳಗೆ ಎಂದು ವಾದಿಸಿದ. ಮುಂದೆ ಏವನ್ ನದಿಯ ಕಾವಲುಗಾರ ಫ್ರಾಂಕ್ ಸಾಯರ್ ಫೆಸೆಂಟ್ ಬಾಲದ ಗರಿ ಮತ್ತು ತಾಮ್ರದ ಸಣ್ಣ ತಂತಿ, ಇವೆರಡರಿಂದಲೇ ಒಂದು ನಿಂಫ್, ಅಂದರೆ ನೀರೊಳಗಿನ ಮರಿಹುಳುವಿನ ಪ್ರತಿರೂಪ, ಕಟ್ಟಿದರು. ತಂತಿಯೇ ನೂಲು, ತಂತಿಯೇ ಭಾರ. ಅದಕ್ಕೆ ಕಾಲಿಲ್ಲ. ಈಜುವ ಮರಿಹುಳು ಕಾಲುಗಳನ್ನು ಮೈಗೆ ಒತ್ತಿಕೊಂಡಿರುತ್ತದೆ ಎಂಬುದನ್ನು ದಿನವೂ ನೀರು ನೋಡುತ್ತಿದ್ದ ಅವರು ಕಂಡಿದ್ದರು. ಇಂದಿಗೂ ಜಗತ್ತಿನ ಯಾವ ಟ್ರೌಟ್ ಹೊಳೆಗೆ ಹೋದರೂ ಆ ಫ್ಲೈ ನಡೆಯುತ್ತದೆ.

ಹಾಗಾದರೆ ಸಾಲ್ಮನ್ನಿಗೆ ಹೊರಟವರು ದುಡ್ಡು ಹಾಕಬೇಕಾದದ್ದು ಫ್ಲೈಯನ್ನು ಬೇಕಾದ ಆಳಕ್ಕೆ ಇಳಿಸುವ ಸಾಮಾನಿಗೆ. ಒಂದು ತೇಲುವ ಲೈನ್, ಅದರ ತುದಿಗೆ ಸಿಕ್ಕಿಸುವ ಹತ್ತು ಅಡಿಯ ಮುಳುಗುವ ತುಂಡುಗಳು ಮೂರೋ ನಾಲ್ಕೋ, ಬೇರೆಬೇರೆ ವೇಗದವು. ಟೈಪ್ 3 ಎಂದರೆ ಸೆಕೆಂಡಿಗೆ ಸುಮಾರು 3 ಇಂಚು ಇಳಿಯುವುದು, ಟೈಪ್ 6 ಎಂದರೆ 6 ಇಂಚು. ನೀರು ಸುಮಾರು 9 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿರುವಾಗ ಸಾಲ್ಮನ್ ಮೇಲೇಳಲು ಒಲ್ಲದು, ದೊಡ್ಡ ಫ್ಲೈಯನ್ನು ಆಳದಲ್ಲಿ ನಿಧಾನವಾಗಿ ಅದರ ಮುಂದೆಯೇ ದಾಟಿಸಬೇಕು. ಅದಕ್ಕಿಂತ ಬೆಚ್ಚಗಾದರೆ ವುಡ್ ಅವರ ಸಣ್ಣ ಫ್ಲೈ, ತೇಲುವ ಲೈನ್. ಸಾಲ್ಮನ್ ಫ್ಲೈ ಹೆಚ್ಚಾಗಿ ಸೆಳವಿಗೆ ಅಡ್ಡಲಾಗಿ ಬಿಗಿದಾರದಲ್ಲಿ ತೂಗುತ್ತ ಬರುವುದರಿಂದ ಟಿಪೆಟ್ಟಿನ ಮೆದುತನಕ್ಕೆ ಇಲ್ಲಿ ಬೆಲೆಯಿಲ್ಲ. ಹನ್ನೆರಡು ಹದಿನೈದು ಪೌಂಡ್ ತಾಳುವ ದಪ್ಪ ದಾರವನ್ನೇ ಹಾಕಿ. ಟ್ರೌಟ್‌ಗೂ ಸಾಲ್ಮನ್ನಿಗೂ ಇರುವ ವ್ಯತ್ಯಾಸ ಹೀಗೆ ತುದಿಯಿಂದಲೇ ಶುರುವಾಗುತ್ತದೆ.

ರಾಡಿನ ಪರ ಹೇಳಬಹುದಾದ ಗಟ್ಟಿ ಮಾತು ಇರುವುದೂ ಸಾಲ್ಮನ್ ನದಿಯಲ್ಲೇ. ಸ್ಪೇ, ಟೇ, ಟ್ವೀಡ್ ಅಗಲದ ನದಿಗಳು. ದಡದಲ್ಲಿ ಮರ, ಹಿಂದೆ ಬೀಸಲು ಜಾಗವಿಲ್ಲ. ಎರಡೂ ಕೈಯಲ್ಲಿ ಹಿಡಿಯುವ ಹದಿಮೂರು ಹದಿನೈದು ಅಡಿಯ ರಾಡ್ ಇಲ್ಲದೆ ಅಲ್ಲಿ ಲೈನನ್ನು ಪೂರ್ತಿ ಹಿಂದಕ್ಕೆ ಬೀಸದೆಯೇ ಎಸೆಯುವ ಸ್ಪೇ ಎಸೆತ ಎಸೆಯಲು, ದೂರದ ಲೈನನ್ನು ಎತ್ತಿ ತಿರುವಲು ಆಗುವುದಿಲ್ಲ. ಇಲ್ಲಿ ರಾಡಿನ ಉದ್ದ ನಿಜವಾಗಿಯೂ ಕೆಲಸ ಮಾಡುತ್ತದೆ, ಒಪ್ಪುತ್ತೇನೆ. ಆದರೆ ಇಲ್ಲೂ ನಂಬರ್ ಕಾಪಾಡುವುದಿಲ್ಲ. ಲೈನಿನ ಭಾರದ ಮುಂಭಾಗಕ್ಕೆ ತಲೆ ಎನ್ನುತ್ತಾರೆ. ಒಂದೇ ನಂಬರಿನ ಗಿಡ್ಡ ತಲೆಯ ಲೈನಿಗೂ ಉದ್ದ ಹೊಟ್ಟೆಯ ಲೈನಿಗೂ ತೂಕದಲ್ಲಿ ಬಹಳ ಅಂತರ. ಅದಕ್ಕೇ ಅನುಭವಿಗಳು ನಂಬರ್ ಬಿಟ್ಟು ಗ್ರಾಂ ಕೇಳುತ್ತಾರೆ. ಆ ರಾಡ್‌ಗೆ ಎಷ್ಟು ಗ್ರಾಂ ತಲೆ ಹೊಂದುತ್ತದೆ ಎಂದು ಎಸೆದೇ ನೋಡಿ ಕೊಳ್ಳುತ್ತಾರೆ. ಅಲ್ಲಿಗೆ ಮತ್ತೆ ಲೈನೇ ಯಜಮಾನ.

ರೀಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅರ್ಧ ಕಿಲೋ ಟ್ರೌಟ್ ಹಿಡಿಯುವಾಗ ಲೈನನ್ನು ಕೈಯಲ್ಲೇ ಎಳೆದುಕೊಳ್ಳುತ್ತೇವೆ, ರೀಲ್ ಬರೀ ಉರುಳೆ. ಜಪಾನಿನ ಬೆಟ್ಟದ ಹೊಳೆಗಳ ತೆಂಕಾರ ಪದ್ಧತಿಯಲ್ಲಿ ರೀಲೇ ಇಲ್ಲ. ರಾಡಿನ ತುದಿಗೇ ದಾರ ಕಟ್ಟುತ್ತಾರೆ. ಸಾಲ್ಮನ್ನಿಗೆ ರೀಲ್ ಬೇಕು: ಲೈನಿನ ಹಿಂದೆ ಕಟ್ಟುವ ಬ್ಯಾಕಿಂಗ್ ದಾರ ನೂರೈವತ್ತು ಮೀಟರ್ ಹಿಡಿಸಬೇಕು, ಮೀನು ಓಡಲು ಶುರುಮಾಡಿದ ಕ್ಷಣ ಜಗ್ಗದೆ ಬಿಡಬೇಕು. ಅಷ್ಟಕ್ಕೆ ಮೊಹರು ಹಾಕಿದ ಡಿಸ್ಕ್ ಬ್ರೇಕಿನ ಅಗತ್ಯವಿಲ್ಲ. ಹಾರ್ಡಿ ಕಂಪನಿಯ ಪರ್ಫೆಕ್ಟ್ ರೀಲ್ 1891ರಲ್ಲಿ ಬಂದದ್ದು. ಅಂದಿನಿಂದ ತಲೆಮಾರುಗಳ ಜನ ಅದರ ಕಟಕಟ ಸದ್ದಿನ ಸರಳ ತಡೆಯನ್ನೂ ತಮ್ಮ ಅಂಗೈಯನ್ನೂ ನಂಬಿ ದೊಡ್ಡ ಸಾಲ್ಮನ್‌ಗಳನ್ನು ದಡಕ್ಕೆ ತಂದಿದ್ದಾರೆ.

ನನ್ನನ್ನು ಹೆಚ್ಚು ಕಾಡುವ ಮಾತು ಇನ್ನೊಂದಿದೆ. ಎಷ್ಟು ತೆಳು ದಾರದಲ್ಲಿ ಎಷ್ಟು ದೊಡ್ಡ ಮೀನು ಹಿಡಿದೆ ಎಂಬುದೇ ಈ ಆಟದ ಹೆಚ್ಚುಗಾರಿಕೆ ಎಂದು ಗಾಳದ ಲೋಕ ಬಹುಕಾಲದಿಂದ ನಂಬಿದೆ. ಮೀನನ್ನು ಮನೆಗೆ ಒಯ್ಯುತ್ತಿದ್ದ ಕಾಲದಲ್ಲಿ ಅದು ಹಿಡಿದವರ ಖುಷಿಯ ಪ್ರಶ್ನೆಯಾಗಿತ್ತು. ಇಂದು ಹಾಗಿಲ್ಲ. ಸ್ಕಾಟ್ಲೆಂಡಿನಲ್ಲಿ 2023ರಲ್ಲಿ ರಾಡಿಗೆ ಸಿಕ್ಕ ಕಾಡು ಸಾಲ್ಮನ್ ಸುಮಾರು 33,000, 1952ರಲ್ಲಿ ಲೆಕ್ಕ ಇಡಲು ಶುರುಮಾಡಿದಾಗಿನಿಂದ ಅತಿ ಕಡಿಮೆ. ಅದೇ ವರ್ಷದ ಕೊನೆಗೆ ಐಯುಸಿಎನ್ ಬ್ರಿಟನ್ನಿನ ಸಾಲ್ಮನ್ನನ್ನು ಅಪಾಯದಂಚಿನ ಪಟ್ಟಿಗೆ ಸೇರಿಸಿತು. ಹಿಡಿದ ಮೀನುಗಳಲ್ಲಿ ಬಹುತೇಕ ಎಲ್ಲವನ್ನೂ ಅಲ್ಲಿ ಮರಳಿ ನೀರಿಗೆ ಬಿಡುತ್ತಾರೆ. ಬಿಟ್ಟ ಮೀನು ಬದುಕಿ ಮೊಟ್ಟೆಯಿಡಬೇಕಾದರೆ ಅದು ದಣಿದು ಸುಸ್ತಾಗುವ ಮುಂಚೆ ದಡ ಸೇರಬೇಕು. ತೆಳು ದಾರದಲ್ಲಿ ಅರ್ಧ ಗಂಟೆ ಆಡಿಸಿದ ಮೀನು ಈಜಿಕೊಂಡು ಹೋದಂತೆ ಕಂಡರೂ ಉಳಿಯುತ್ತದೆ ಎಂಬ ಭರವಸೆಯಿಲ್ಲ. ಆದ್ದರಿಂದ ಫ್ಲೈಯ ಚಲನೆಗೆ ಎಷ್ಟು ಮೆದು ಬೇಕೋ ಅಷ್ಟೇ ತೆಳು, ಅದಕ್ಕಿಂತ ಒಂದು ಎಳೆಯೂ ತೆಳು ಬೇಡ. ಕೊಕ್ಕೆಯ ತುದಿಯ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟಮಾಡಿ. ದಾರ ಬಿಗಿಯಾಗಿರುವಷ್ಟು ಹೊತ್ತು ಮೀನು ತಪ್ಪಿಸಿಕೊಳ್ಳುವುದಿಲ್ಲ, ಬಿಡಿಸುವಾಗ ಕ್ಷಣದಲ್ಲಿ ಬರುತ್ತದೆ. ಮೀನನ್ನು ನೀರಿನಲ್ಲೇ ಇಟ್ಟು ಬಿಡಿಸಲು ರಬ್ಬರ್ ಬಲೆ ಇರಲಿ.

ಯಾವ ಪಟ್ಟಿಯಲ್ಲೂ ಕಾಣದ ಒಂದು ಸಾಮಾನನ್ನು ಇದರ ಜೊತೆಗೆ ಸೇರಿಸುತ್ತೇನೆ: ನೀರಿನ ಥರ್ಮಾಮೀಟರ್. ಕೆಲವೇ ನೂರು ರೂಪಾಯಿಯ ವಸ್ತು. ಬೆಳಿಗ್ಗೆ ಅದನ್ನು ನೀರಿಗಿಳಿಸಿ ನೋಡಿದರೆ ಸಾಲ್ಮನ್ ನದಿಯಲ್ಲಿ ಯಾವ ತುದಿ ಸಿಕ್ಕಿಸಬೇಕು, ಎಷ್ಟು ದೊಡ್ಡ ಫ್ಲೈ ಕಟ್ಟಬೇಕು ಎಂಬುದರಲ್ಲಿ ಅರ್ಧ ತೀರ್ಮಾನವಾಗುತ್ತದೆ. ಬೇಸಿಗೆಯ ಮಧ್ಯಾಹ್ನ ಮತ್ತೊಮ್ಮೆ ನೋಡಿ. 20 ಡಿಗ್ರಿ ಹತ್ತಿರ ಬಂದಿದ್ದರೆ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿರುತ್ತದೆ. ಟ್ರೌಟ್ ಆಗಲಿ ಸಾಲ್ಮನ್ ಆಗಲಿ, ಎಷ್ಟೇ ಜೋಪಾನವಾಗಿ ಬಿಟ್ಟರೂ ಚೇತರಿಸಿಕೊಳ್ಳುವುದು ಕಷ್ಟ. ಆಗ ಲೈನ್ ಸುತ್ತಿಟ್ಟು ನೀರು ತಣಿಯುವವರೆಗೆ ಕಾಯಬೇಕು.